ಆಷಾಢದಲ್ಲಿ ಕೊಂಡ ಟಿವಿ

"ಇವ್ರು ನಿಮ್ಮಪ್ಪ ಅಲ್ಲ ಕಣವ್ವ," ಅಂದಳು ಅವ್ವ.

ಶ್ರಾವಣದ ಮೊದಲ ಸೋಮವಾರ. ಹೊಸ ಟಿವಿಗೆ ಆಗಷ್ಟೇ ಪೂಜೆ ಮುಗಿದಿತ್ತು. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು, ಒಡೆದ ಕಾಯಿಯ ನೀರು ನೆಲದ ಮೇಲೆ ಹಾಗೇ ಇತ್ತು. ಅರ್ಧ ಗೋಡೆ ತುಂಬಿದ್ದ ಪರದೆಯ ಮೇಲೆ ನನ್ನ ಮದುವೆಯ ಚಪ್ಪರ, ಚಪ್ಪರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದ ಅಪ್ಪ. ಮುಖ ಅಡ್ಡಡ್ಡಕ್ಕೆ ಹಿಗ್ಗಿಹೋಗಿತ್ತು. ಕಣ್ಣಿರಬೇಕಾದ ಕಡೆ ಎರಡು ಕಪ್ಪು ಮಚ್ಚೆ, ಮೂಗು ಕೆನ್ನೆಯೊಳಗೇ ಕಲಸಿಕೊಂಡಿತ್ತು. ತೀರಿಹೋಗಿ ವರ್ಷಗಳೇ ಆಗಿರುವ ಮನುಷ್ಯನನ್ನು ನಾನೇ ಕರೆತಂದು ಈ ಅವಸ್ಥೆ ಮಾಡಿಟ್ಟಂತಾಯಿತು.

ಅವ್ವ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅವು ಬೆಳಿಗ್ಗೆಯೇ ತೊಳೆದಿಟ್ಟಿದ್ದ ಪಾತ್ರೆಗಳು.

ಅಪ್ಪನಿಗೆ ಫೋಟೊ ಎಂದರೆ ಆಗುತ್ತಿರಲಿಲ್ಲ. ಈಗ ಗೋಡೆಯ ಮೇಲಿರುವುದು ರೇಷನ್ ಕಾರ್ಡಿಗೆ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದ್ದು. ಅದರಲ್ಲಿ ಪೊಲೀಸ್ ಸ್ಟೇಷನ್ನಿಗೆ ಕರೆಸಿದವನಂತೆ ನಿಂತಿದ್ದಾನೆ. ನಡೆದಾಡುವ, ನಗುವ ಅಪ್ಪ ಉಳಿದಿರುವುದು ನನ್ನ ಮದುವೆಯ ಡಿವಿಡಿಯಲ್ಲಿ ಮಾತ್ರ. ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದವನು ಕ್ಯಾಮೆರಾ ಕಂಡು ಮುಖ ತಿರುಗಿಸುತ್ತಾನೆ. ಪಕ್ಕದಲ್ಲಿ ಯಾರೋ ಏನೋ ಅನ್ನುತ್ತಾರೆ, ತಡೆಯಲಾರದೆ ನಕ್ಕುಬಿಡುತ್ತಾನೆ. ಇರುವುದು ಇಷ್ಟೇ. ಯಾವುದೇ ಹಬ್ಬದ ಹಿಂದಿನ ದಿನ ಅವ್ವ ಇಷ್ಟನ್ನು ಹಾಕಿಸಿಕೊಂಡು ನೋಡಿ, ಸಾಕು ನಿಲ್ಲಿಸು ಅನ್ನುತ್ತಿದ್ದಳು. ಮುಂದೆ ಮದುಮಗಳಾಗಿ ಕೂತ ನನ್ನನ್ನು ನೋಡಲು ಅವಳಿಗೆ ಎಂದೂ ಪುರುಸೊತ್ತು ಸಿಕ್ಕಿದ್ದಿಲ್ಲ.

ಅದನ್ನು ನೋಡುತ್ತಿದ್ದುದು ಅವಳದೇ ಹಳೆಯ ಡಬ್ಬಾ ಟಿವಿಯಲ್ಲಿ. ಅಪ್ಪ ಹೋದಮೇಲೆ ಹನೂರಿನ ಕಡೆಯ ನಮ್ಮೂರಿನಿಂದ ಯಳಂದೂರಿಗೆ, ನನ್ನ ಮನೆಗೆ ಬರುವಾಗ ಅವ್ವ ತಂದದ್ದು ಒಂದು ಟ್ರಂಕು ಮತ್ತು ಆ ಟಿವಿ. ನಾನು ಇಲ್ಲೇ ಪ್ರೈಮರಿ ಶಾಲೆಯಲ್ಲಿ ಮೇಡಂ. ಜೊತೆಯವರ ಮನೆಗಳಲ್ಲೆಲ್ಲ ಗೋಡೆಗೆ ಅಂಟಿದ ಟಿವಿ, ನಮ್ಮಲ್ಲಿ ಮಾತ್ರ ಬೆನ್ನು ಚಾಚಿಕೊಂಡು ಅರ್ಧ ನಡುಮನೆ ನುಂಗಿದ ಡಬ್ಬ. ಹೊಸದು ತರೋಣವೇ ಎಂದು ಅವ್ವನನ್ನು ಕೇಳಿದ್ದೆ. ನಿಂಗೆ ತೋಚಿದಂಗೆ ಮಾಡು ಅಂದಿದ್ದಳು. ಅದನ್ನು ನಾನು ಒಪ್ಪಿಗೆ ಅಂದುಕೊಂಡೆ.

ಕೊಳ್ಳೇಗಾಲದ ಅಂಗಡಿಯಲ್ಲಿ ಆಷಾಢದ ರಿಯಾಯಿತಿ. ಹಣೆ ತುಂಬ ವಿಭೂತಿ ಧರಿಸಿದ್ದ ಮಾಲೀಕರು ತಾವೇ ಮುಂದೆ ನಿಂತು ತೋರಿಸಿದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಇನ್ನಷ್ಟು ಕಮ್ಮಿ ಆಗುತ್ತದೆ ಎಂದರು. ದುಡ್ಡು ಎಣಿಸಿಕೊಂಡ ಮೇಲೆ, ಈಗ ತಗೊಂಡು ಹೋಗಿ ಇಟ್ಟುಕೊಳ್ಳಿ, ಆದರೆ ಆಷಾಢದಲ್ಲಿ ಮಾತ್ರ ಪೆಟ್ಟಿಗೆ ಬಿಚ್ಚಬೇಡಿ, ಶ್ರಾವಣ ಬರಲಿ ಎಂದು ಮನೆಯವರ ಹಾಗೆ ಬುದ್ಧಿ ಹೇಳಿದರು. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆ ಎಲ್ಲರೂ ಆಷಾಢದಲ್ಲಿ ಅಗ್ಗಕ್ಕೆ ಕೊಂಡು ಶ್ರಾವಣದಲ್ಲಿ ಬಳಸುವವರೇ. ಅಂಗಡಿಯ ಹುಡುಗರು ಅವತ್ತೇ ಹಳೆಯ ಟಿವಿಯನ್ನು ಹೊತ್ತುಕೊಂಡು ಹೋದರು. ಅದರ ಮೇಲೆ ಸದಾ ಹೊದಿಸಿರುತ್ತಿದ್ದ ಬಿಳಿ ದಾರದ ಕಸೂತಿ ಬಟ್ಟೆಯನ್ನು ಅವ್ವ ಒಗೆದು ಮಡಚಿ ಟ್ರಂಕಿನಲ್ಲಿಟ್ಟಳು.

ಆಷಾಢ ಕಳೆಯುವವರೆಗೆ ಆ ಪೆಟ್ಟಿಗೆ ನಡುಮನೆಯಲ್ಲಿ ಮೇಜಿನ ಕೆಲಸ ಮಾಡಿತು. ಇಸ್ತ್ರಿ ಬಟ್ಟೆ, ಮಕ್ಕಳ ಪರೀಕ್ಷೆ ಪೇಪರು, ಸೊಪ್ಪಿನ ಕಂತೆ ಎಲ್ಲವೂ ಅದರ ಮೇಲೆ ಬಂದವು. ಇಂಥ ದೊಡ್ಡ ಟಿವಿ ಕೊಂಡು ಟಿವಿಯೇ ಇಲ್ಲದ ಮನೆಯಲ್ಲಿ ಕೂತ ಜಾಣರು ನಾವು.

ಬಿಚ್ಚಿದ ದಿನ ಮೊದಲು ವಾರ್ತೆ ಹಾಕಿದ್ದೆವು. ಓದುವವಳ ಮುಖಕ್ಕೆ ಎಣ್ಣೆ ಸವರಿದ ಹಾಗಿತ್ತು. ಅಭ್ಯಾಸ ಆಗುತ್ತೆ ಬಿಡು ಅಂದರು ನನ್ನ ಗಂಡ. ಆಮೇಲೆ ಡಿವಿಡಿ ಹಾಕಿದ್ದು, ಅವ್ವ ಆ ಮಾತು ಅಂದದ್ದು. ಬಿಲ್ಲು ಹುಡುಕಿ ನೋಡಿದೆ. ವಾಪಸ್ ಕೊಡುವುದಿದ್ದರೆ ಕೊಂಡ ಹತ್ತು ದಿನದೊಳಗೆ ಎಂದು ಹಿಂದುಗಡೆ ಸಣ್ಣ ಅಕ್ಷರದಲ್ಲಿತ್ತು. ಪೆಟ್ಟಿಗೆಯ ಮೇಲೆ ನಾನು ಪೇಪರು ತಿದ್ದುತ್ತಾ ಕೂತಿದ್ದಾಗಲೇ ಆ ದಿನಗಳೆಲ್ಲ ಮುಗಿದುಹೋಗಿದ್ದವು. ಇಷ್ಟು ದಡ್ಡತನ ನಮ್ಮ ಮನೆಯಲ್ಲೇ ಹುಟ್ಟಿತೇ ಎಂದು ನನಗೆ ನಂಬಲಾಗಲಿಲ್ಲ.

ನನ್ನ ಗಂಡನಿಗೆ ಜಗಳವೆಂದರೆ ಜ್ವರ ಬರುತ್ತದೆ. ಭಾನುವಾರ ನಾನೇ ಟಿವಿಯನ್ನು ಲಗೇಜ್ ಆಟೋಗೆ ಹಾಕಿಸಿದೆ. ನೋಡಿ ನಿಮ್ಮ ಟಿವಿಯ ಚಂದ ಎಂದು ತೋರಿಸಲು ಡಿವಿಡಿ, ಅದರ ಪ್ಲೇಯರು ಎರಡನ್ನೂ ಚೀಲಕ್ಕೆ ತುಂಬಿಕೊಂಡೆ. ನಾನೂ ಬತ್ತೀನಿ ಎಂದು ಅವ್ವ ತನ್ನ ಕೈಚೀಲ ಹಿಡಿದು ಹೊರಟಳು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಮಾಲೀಕರಿಗೆ ಬೈಯುತ್ತಿದ್ದೆ, ಅವ್ವ ಕಬ್ಬಿನ ಗದ್ದೆ ನೋಡುತ್ತಿದ್ದಳು.

ಮಾಲೀಕರು ಬಿಲ್ಲು ನೋಡಿ ದಿನ ಮೀರಿದೆ ಎಂದರು. ಅದಕ್ಕೆ ಮೊದಲು ಟಿವಿ ಸರಿಯಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಿ ಎಂದು ನಾನು ಡಿವಿಡಿ ತೆಗೆದು ಮುಂದಿಟ್ಟೆ. ಟಿವಿಗೆ ಏನೂ ಆಗಿಲ್ಲ, ನಿಮ್ಮ ಡಿವಿಡಿ ಹಳೆಯ ಕಾಲದ್ದು, ದೊಡ್ಡ ಪರದೆಗೆ ಎಳೆದರೆ ಹೀಗೇ ಕಾಣುವುದು, ಬೇಕಾದರೆ ನಮ್ಮಲ್ಲಿರುವುದರಲ್ಲೇ ಒಳ್ಳೆಯ ಟಿವಿಗೆ ಹಾಕುತ್ತೇನೆ ನೋಡಿ ಎಂದರು. ಹಾಕಿ ಎಂದೆ. ಹಾಕಿಯೇಬಿಟ್ಟರು.

ಅಂಗಡಿಯ ನಡುಗೋಡೆಯ ಮೇಲೆ, ಬಾಗಿಲಷ್ಟು ಅಗಲಕ್ಕೆ ಅಪ್ಪ ಬಂದ. ನಮ್ಮ ಮನೆಯಲ್ಲಿ ಕಂಡದ್ದೇ ಎಷ್ಟೋ ವಾಸಿ ಅನ್ನಿಸಿತು. ಇಲ್ಲಿ ಮುಖವೇ ಇರಲಿಲ್ಲ, ಬರೀ ಚೌಕ ಚೌಕ ಬಣ್ಣ. ಆ ಚೌಕಗಳೆಲ್ಲ ಒಟ್ಟಿಗೆ ಅಲುಗಿದಾಗ, ಅಪ್ಪ ನಗುವ ಜಾಗ ಇದೇ ಎಂದು ನನಗೆ ಗೊತ್ತಾಯಿತು. ಮಿಕ್ಸಿ ಕೊಳ್ಳಲು ಬಂದವರೂ ಕತ್ತೆತ್ತಿ ನೋಡುತ್ತಿದ್ದರು. ಆರಿಸಿ, ದಯವಿಟ್ಟು ಆರಿಸಿ ಎಂದೆ. ತಿರುಗಿದರೆ ಅವ್ವ ಒಳಗಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು.

ಯಾರಮ್ಮ ಅವರು ಎಂದು ಮಾಲೀಕರು ಮೆಲ್ಲಗೆ ಕೇಳಿದರು. ನಮ್ಮಪ್ಪ ಎಂದೆ. ಅವರು ಸ್ವಲ್ಪ ಹೊತ್ತು ಬಿಲ್ಲನ್ನೇ ತಿರುವಿ ಹಾಕುತ್ತಿದ್ದರು.

"ಆಸಾಡದಲ್ಲಿ ಬಿಚ್ಬ್ಯಾಡಿ ಅಂತ ಏಳ್ದೋನೇ ನಾನು. ಈಗ ದಿನ ಮೀರೋಗದೆ ಅಂತ ಎಂಗ್ ಏಳ್ಲಿ ಮೇಡಂ. ವಾಪಸ್ ತಕತೀನಿ, ಪೂರ್ತಿ ದುಡ್ಡು ಕೊಡ್ತೀನಿ," ಎಂದರು.

ಯಳಂದೂರಿನಿಂದ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ಗಂಟಿನಲ್ಲೇ ಉಳಿಯಿತು. ಗೆದ್ದ ಖುಷಿಯಲ್ಲಿ ಅವ್ವನನ್ನು ಒಳಗೆ ಕರೆದು ವಿಷಯ ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಸೀದಾ ಮಾಲೀಕರ ಮುಂದೆ ಹೋಗಿ ನಿಂತಳು.

"ದುಡ್ಡಿನ್ ಇಚಾರ ನನ್ ಮಗ್ಳಿಗೇ ಏಳಿ ಸಾ. ನನ್ ಟಿವಿ ಎಲ್ಲದೆ?"

ಇಷ್ಟು ದಿನ ಬಿಲ್ಲು, ದಿನ, ನ್ಯಾಯ ಎಂದು ಕುಣಿದ ನನಗೆ ಆ ಡಬ್ಬದ ನೆನಪೇ ಬಂದಿರಲಿಲ್ಲ. ಎಕ್ಸ್‌ಚೇಂಜಿಗೆ ಬಂದ ಹಳೆಯವನ್ನೆಲ್ಲ ಹನೂರಿನ ಒಬ್ಬ ರಿಪೇರಿಯವನು ಒಯ್ಯುತ್ತಾನೆ, ಕೆಲವನ್ನು ಸರಿಮಾಡಿ ಕಾಡಿನ ಕಡೆಯ ಊರುಗಳಿಗೆ ಮಾರುತ್ತಾನೆ, ಉಳಿದದ್ದನ್ನು ಒಡೆದು ಗುಜರಿಗೆ ಹಾಕುತ್ತಾನೆ ಎಂದರು ಮಾಲೀಕರು. ಒಡೆದು ಅನ್ನುವ ಮಾತಿಗೆ ಅವ್ವ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

ಟಿವಿಯ ದುಡ್ಡು ಎಣಿಸಿಕೊಂಡು ಹನೂರಿನ ಬಸ್ಸು ಹತ್ತಿದೆವು. ಒಡೆದಿದ್ದರೆ ಅವ್ವನಿಗೆ ಏನು ಹೇಳುವುದು ಎಂಬ ಹೆದರಿಕೆ ದಾರಿಯುದ್ದಕ್ಕೂ ನನಗೆ.

ರಿಪೇರಿ ಅಂಗಡಿಯ ಮುಂದೆಯೇ ಹೊಟ್ಟೆ ಬಗೆದ ಟಿವಿಗಳ ರಾಶಿ. ಅವ್ವ ಆ ರಾಶಿಯ ಹತ್ತಿರವೂ ನಿಲ್ಲದೆ ಒಳಗೆ ಹೋದಳು. ಒಳಗೆ ಹಗ್ಗ ಬಿಗಿದು, ಸಾಗಿಸಲು ತಯಾರಾಗಿ ಒಂದು ಟಿವಿ ಇತ್ತು. ಅದರ ಎಡಮೂಲೆಯಲ್ಲಿ, ವರ್ಷವರ್ಷ ಆಯುಧಪೂಜೆಗೆ ಕುಂಕುಮ ಇಟ್ಟೂ ಇಟ್ಟೂ ಮಾಸದೇ ಉಳಿದ ಕೆಂಪು. ಅವ್ವ ಅದರ ಮೇಲೆ ಬೆರಳಿಟ್ಟಳು. ಈ ಟಿವಿ ಗೋಪಿನಾಥಂ ಊರಿನವರಿಗೆ ಅಂತ ಕಟ್ಟಿಟ್ಟಿದ್ದು, ಸಂಜೆ ಬಸ್ಸಿಗೆ ಹಾಕಬೇಕು ಎಂದ ರಿಪೇರಿಯವನು. ಮಾತಿನಲ್ಲಿ ತಮಿಳಿನ ಎಳೆತ ಇತ್ತು. ನಾನು ಮತ್ತೆ ಜಗಳಕ್ಕೆ ಸೊಂಟ ಕಟ್ಟಿದೆ. ಅವ್ವ ನನ್ನನ್ನು ಕೈಯಲ್ಲೇ ತಡೆದು, ಒಂದು ಸಲ ಹಾಕಿ ತೋರಿಸಪ್ಪ, ಅಷ್ಟು ಸಾಕು ಎಂದಳು. ಅವನು ಹಗ್ಗ ಸಡಿಲಿಸಿ ನಮ್ಮ ಪ್ಲೇಯರಿನ ವೈರು ಚುಚ್ಚಿದ.

ಚಪ್ಪರ ಬಂತು, ಪನ್ನೀರುದಾನಿ ಬಂತು, ಅಪ್ಪ ಬಂದ. ಅವ್ವ ಸ್ಟೂಲನ್ನು ಬಾಗಿಲ ತನಕ ಹಿಂದಕ್ಕೆ ಎಳೆದುಕೊಂಡು ಕೂತಳು, ಮನೆಯಲ್ಲಿ ಕೂರುತ್ತಿದ್ದಷ್ಟೇ ದೂರಕ್ಕೆ. ಅಪ್ಪ ಮುಖ ತಿರುಗಿಸಿದ, ಆಮೇಲೆ ನಕ್ಕ. ಅವ್ವನೂ ನಕ್ಕಳು.

"ನೋಡು, ಈಗ ನಿಮ್ಮಪ್ಪ," ಎಂದಳು.

ನಾನು ನೋಡಿದೆ. ಹೆಬ್ಬೆರಳಿನಷ್ಟು ಅಗಲದ ಒಂದು ಮುಖ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಮೂಗೂ ಕಾಣುತ್ತಿರಲಿಲ್ಲ. ಹತ್ತಿರ ಹೋಗಿ ಬಗ್ಗಿದೆ, ಇನ್ನೂ ಮಸುಕಾಯಿತು. ಹಳೆಯ ಟಿವಿಯಲ್ಲಿ ಅಪ್ಪ ಸ್ಪಷ್ಟವಾಗಿ ಕಾಣುತ್ತಾನೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅವ್ವ ಪಕ್ಕದಲ್ಲಿ ಕೂತು ನಗುತ್ತಿದ್ದುದನ್ನು ನೋಡಿಯೇ ಹಾಗೆ ನಂಬಿದ್ದೆನೋ ಏನೋ. ನನ್ನಪ್ಪನ ಮುಖ ನನಗೇ ನೆನಪಿಲ್ಲ ಅನ್ನುವುದು ಆ ಅಂಗಡಿಯಲ್ಲಿ ನಿಂತು ತಿಳಿಯಿತು.

ಹೂಂ ಕಣವ್ವ ಎಂದೆ.

ರಿಪೇರಿಯವನು ಅವ್ವನ ಮುಖವನ್ನೇ ನೋಡುತ್ತಿದ್ದ. ಗೋಪಿನಾಥಂನವರಿಗೆ ಬೇರೆ ಟಿವಿ ಕೊಡುತ್ತೇನೆ, ಇದನ್ನು ನೀವೇ ಒಯ್ಯಿರಿ ಎಂದ. ಅವನು ಕೇಳಿದಷ್ಟನ್ನು ಕೊಟ್ಟೆ. ಚೌಕಾಸಿ ಮಾಡದೆ ನಾನು ಕೊಂಡ ವಸ್ತು ಬಹುಶಃ ಅದೊಂದೇ. ರಸ್ತೆಯ ಧೂಳು ಕೂರುತ್ತದಲ್ಲ, ಹೊದಿಸಲು ಒಂದು ಗೋಣಿಚೀಲ ಇದ್ದರೆ ಕೊಡಪ್ಪ ಎಂದು ಅವನನ್ನು ಕೇಳಿದೆ.

ಯಾಕ ಗೋಣಿಚೀಲ ಎಂದಳು ಅವ್ವ. ಕೈಚೀಲದ ಬಾಯಿ ಬಿಚ್ಚಿ, ಮಡಿಕೆ ಕೆಡದ ಹಾಗೆ ಮೆಲ್ಲಗೆ ಆ ಬಿಳಿ ದಾರದ ಕಸೂತಿ ಬಟ್ಟೆಯನ್ನು ಹೊರಗೆ ತೆಗೆದಳು. ನಾನು ದುಡ್ಡು ವಾಪಸ್ ತರಲು ಯಳಂದೂರು ಬಿಟ್ಟಾಗಲೇ ಅವಳು ಅದನ್ನು ಟ್ರಂಕಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಳು.