ದನದ ಮದ್ದಿನ ಗರಿ

ಅಪ್ಪ ಮೈಸೂರಿನ ಗ್ರಂಥಾಲಯವೊಂದಕ್ಕೆ ಕೊಟ್ಟಿದ್ದ ನಮ್ಮ ಮನೆಯ ಓಲೆಗರಿ ಕಟ್ಟಿನ ನಕಲು ಬೇಕೆಂದು ಅರ್ಜಿ ಹಾಕಿದ್ದೆ. ಅದರಲ್ಲಿದ್ದದ್ದು ದನಗಳ ಮದ್ದು. ಅದನ್ನು ನೋಡಿಯೇ ನಮ್ಮ ತಾತ ನಮ್ಮೂರು ಮಿರ್ಲೆಯ ದನಗಳಿಗೆಲ್ಲ ಔಷಧಿ ಅರೆದು ಕುಡಿಸುತ್ತಿದ್ದರಂತೆ.

ನಕಲಿನ ಸೀಡಿ ಇಸ್ಕೊಳ್ಳಲು ಹೋದ ದಿನ, ಅಲ್ಲಿನ ಹಿರಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ಒಂದೊಂದೇ ಗರಿ ತೋರಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ಹಳೆಯ ಅಕ್ಷರಗಳ ಮೇಲೆಯೇ ಯಾರೋ ಇನಿಷಿಯಲ್ ಸಮೇತ ಹೆಸರು ಗೀಚಿದ್ದರು.

“ನೋಡಿ ಸಾರ್, ಯಾವನೋ ಅಯೋಗ್ಯ ಮುಳ್ಳಲ್ಲಿ ಕೆರೆದವ್ನೆ. ಇಲ್ಲಿ ಯಾವ ಮದ್ದಿತ್ತೋ, ಇನ್ನು ಓದೋಕಾಗಲ್ಲ.”

ಆ ಮುಳ್ಳು ನನ್ನ ಜಾಮಿಟ್ರಿ ಬಾಕ್ಸಿನ ಕೈವಾರದ್ದು. ಐದನೇ ಕ್ಲಾಸಿನಲ್ಲಿದ್ದಾಗ ಅಟ್ಟದ ಮೇಲೆ ಕೂತು, ಗರಿಯಲ್ಲಿ ಅಕ್ಷರ ಹೇಗೆ ಮೂಡುತ್ತದೆ ಅಂತ ನೋಡಲು ಹೋಗಿದ್ದೆ. ಹೇಳಿಬಿಡಬಹುದಿತ್ತು. ಎಂಥ ಭಂಡ ನಾನು! “ಅಂಥವರ ಕೈ ಮುರೀಬೇಕು ಬಿಡಿ ಸಾರ್” ಅಂದೆ, ಅವರಿಗಿಂತ ಜೋರಾಗಿ.

ಸೀಡಿಯ ಕವರಿನ ಮೇಲೆ ಹೆಸರು ಬರೆಯಲು ಅವರು ನನ್ನ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಇನಿಷಿಯಲ್ ಬರೆದ ಪೆನ್ನು ಅಲ್ಲೇ ನಿಂತಿತು. ಒಮ್ಮೆ ಕಂಪ್ಯೂಟರ್ ನೋಡಿ, ಮತ್ತೆ ಅರ್ಜಿ ನೋಡಿದರು. ನನ್ನ ಮುಖ ನೋಡಲಿಲ್ಲ. ಉಳಿದದ್ದನ್ನೂ ನಿಧಾನವಾಗಿ ಬರೆದು ಸೀಡಿಯನ್ನು ನನ್ನತ್ತ ತಳ್ಳಿದರು.

“ಇದ್ರ ಮೇಲಾದ್ರೂ ಏನೂ ಕೆರೀಬೇಡಿ ಸಾರ್.”