ಹೆಂಡತಿಯ ಡೈವ್ ಕಂಪ್ಯೂಟರ್

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮೂರು ತಿಂಗಳ ಕಾಲ ಸಮುದ್ರದ ತಳದ ಬಗ್ಗೆ ಹುಬ್ಬಳ್ಳಿ-ಧಾರವಾಡದಲ್ಲಿ ನನ್ನಷ್ಟು ಮಾತಾಡಿದವರು ಇನ್ನೊಬ್ಬರು ಇರಲಿಕ್ಕಿಲ್ಲ.

ಸಮುದ್ರಕ್ಕೆ ಇಳಿಯುವವಳು ನನ್ನ ಹೆಂಡತಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತವರು ಮುಗದ, ಅಲ್ಲಿಯ ಕೆರೆಯಲ್ಲಿ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಈಜು ಕಲಿತವಳು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯ ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋದಾಗ ಉಳಿದವರೆಲ್ಲ ದಂಡೆಯ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ. ಇವಳು ಬೆನ್ನಿಗೆ ಸಿಲಿಂಡರ್ ಏರಿಸಿಕೊಂಡು ನೇತ್ರಾಣಿ ದ್ವೀಪದ ಹತ್ತಿರ ನೀರಿಗೆ ಇಳಿದೇಬಿಟ್ಟಳು. ಆಗ ಅವಳಿಗೆ ನಲವತ್ತಾರು. ಬೈರಿದೇವರಕೊಪ್ಪದ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಒಳಗ ಏನೂ ಸಪ್ಪಳಿಲ್ಲರಿ. ಬರೇ ನನ್ನ ಉಸಿರು," ಅಂದಳು. ಮರುವರ್ಷ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದಳು. ಅಂದಿನಿಂದ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಎರಡು ಸಲ, ರಜೆ ಸಿಕ್ಕರೆ ಮೂರು ಸಲ ಹೋಗುತ್ತಾಳೆ.

ಒಂದು ಭಾನುವಾರ ರೊಟ್ಟಿ ತಟ್ಟುತ್ತ ಹೇಳಿದಳು: "ನಂದ ಒಂದು ಡೈವ್ ಕಂಪ್ಯೂಟರ್ ತಗೊಬೇಕಂತ ಮಾಡೇನ್ರಿ. ಬಾಡಿಗಿವು ಪ್ರತಿ ಸಲ ಬ್ಯಾರೆ ಬ್ಯಾರೆ ಕೊಡತಾರ, ಗುಂಡಿ ಹುಡುಕೂದರಾಗ ಹೊತ್ತು ಹೋಗತೈತಿ. ಸಾದಾದ್ದು ಇಪ್ಪತ್ತೆರಡು ಸಾವಿರಕ್ಕ ಬರತೈತಿ."

ನಾನು ಅಲ್ಲಿಗೇ ಹೂಂ ಅಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. "ಹಂಗ ಲಗೂ ತಗೋಬಾರದು," ಅಂದೆ. "ಜೀವದ ಪ್ರಶ್ನಿ ಐತಿ. ನಾ ಸ್ವಲ್ಪ ಅಭ್ಯಾಸ ಮಾಡತೇನಿ."

ಅಭ್ಯಾಸ ಮಾಡುವುದು, ಮಾಡಿಸುವುದು ನನ್ನ ಹೊಟ್ಟೆಪಾಡು. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಸಾಮಾನ್ಯ ವಿಜ್ಞಾನ ಹೇಳುತ್ತೇನೆ. ಒಂದು ವಿಷಯ ಕೈಗೆ ಸಿಕ್ಕರೆ ಅದನ್ನು ನೋಟ್ಸು ಮಾಡದೆ ಬಿಡುವ ಜಾತಿಯಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು, ಅಡ್ಡ ಗೆರೆ ಉದ್ದ ಗೆರೆ ಹಾಕಿ ಹನ್ನೊಂದು ಕಾಲಂ ಮಾಡಿದೆ.

ಈ ಡೈವ್ ಕಂಪ್ಯೂಟರ್ ಅನ್ನುವುದು ನೋಡಲು ದಪ್ಪನೆಯ ಕೈಗಡಿಯಾರದ ಹಾಗೆ ಇರುತ್ತದೆ. ಎಷ್ಟು ಆಳದಲ್ಲಿದ್ದೀರಿ, ಎಷ್ಟು ಹೊತ್ತಾಯಿತು, ಇನ್ನೆಷ್ಟು ಹೊತ್ತು ಇರಬಹುದು, ಎಷ್ಟು ನಿಧಾನವಾಗಿ, ನಡುವೆ ಎಲ್ಲಿ ನಿಂತು ಮೇಲೆ ಬರಬೇಕು ಎಂದು ಹೇಳುತ್ತದೆ. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ ಕರಗಿಕೊಳ್ಳುತ್ತದೆ. ಗಡಬಡಿಸಿ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಕೈಕಾಲು ಹೋಗಬಹುದು, ಜೀವವೂ ಹೋಗಬಹುದು. ಇಷ್ಟು ತಿಳಿಯಲು ನನಗೆ ಒಂದು ಸಂಜೆ ಸಾಕಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಯಾವುದೋ ಶೀತದೇಶದ ಗಡ್ಡದವನೊಬ್ಬನ ವಿಡಿಯೋಗಳನ್ನು ದಿನಾ ನೋಡತೊಡಗಿದೆ. ಬಣ್ಣದ ಪರದೆ, ದಿಕ್ಸೂಚಿ, ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ತಂತಿಯಿಲ್ಲದೆ ತೋರಿಸುವ ಸೌಲಭ್ಯ, ನೂರಿಪ್ಪತ್ತು ಮೀಟರ್ ಆಳದವರೆಗೆ ಖಾತ್ರಿ. ನನ್ನ ಹೆಂಡತಿಗೆ ಹದಿನೆಂಟು ಮೀಟರಿಗಿಂತ ಕೆಳಗೆ ಇಳಿಯುವ ಪರವಾನಗಿಯೇ ಇರಲಿಲ್ಲ. ಆದರೂ ಉಳಿದ ನೂರೆರಡು ಮೀಟರ್ ಇಲ್ಲದ ಯಂತ್ರ ನನಗೆ ಅಧ್ವಾನವೆನಿಸಿತು. ಮೊದಲ ವಾರ ನನ್ನ ಪಟ್ಟಿಯ ತುದಿಯಲ್ಲಿದ್ದದ್ದು ಮೂವತ್ತು ಸಾವಿರದ್ದು. ಎರಡನೆಯ ತಿಂಗಳಿಗೆ ಎಂಬತ್ತೆಂಟು ಸಾವಿರದ್ದು ಅಲ್ಲಿ ಬಂದು ಕುಳಿತಿತ್ತು.

ಕ್ಲಾಸಿನಲ್ಲೂ ಇದೇ ಸುರುವಾಯಿತು. ಒತ್ತಡದ ಪಾಠ ಎರಡು ದಿನದಲ್ಲಿ ಮುಗಿಯುವುದು ಎರಡು ವಾರ ನಡೆಯಿತು. ಕೊನೆಗೆ ಪೊಲೀಸ್ ಪರೀಕ್ಷೆಗೆ ಕುಳಿತ ಒಬ್ಬಳು ಎದ್ದು ನಿಂತು, "ಸರ್, ಇದು ಸಿಲೆಬಸ್‌ನ್ಯಾಗ ಐತೇನ್ರಿ?" ಎಂದು ಕೇಳಿದಳು. ಐತಿ ಅಂದೆ. ಇರಲಿಲ್ಲ.

ಅಷ್ಟರಲ್ಲಿ ಮುಗದದಿಂದ ಅವಳ ಅಣ್ಣ ಬಂದ. ನಾನು ನೋಟ್‌ಬುಕ್ ಬಿಡಿಸಿ ಮುಕ್ಕಾಲು ತಾಸು ವಿವರಿಸಿದೆ. ಆತ ಅರ್ಧ ಕಣ್ಣು ಮುಚ್ಚಿ ಕೇಳಿದ.

"ಎಂಬತ್ತೆಂಟು ಸಾವಿರದ್ದು ಕಟ್ಟಿಕೊಂಡರ, ಇಪ್ಪತ್ತೆರಡು ಸಾವಿರದ್ದಕ್ಕಿಂತ ಹೆಚ್ಚಿಗಿ ಮೀನ ಕಾಣತಾವೇನ್ರಿ ಭಾವಾರ?"

"ಮೀನಿಗೂ ಇದಕ್ಕೂ ಸಂಬಂಧಿಲ್ಲರಿ."

"ಮತ್ತ ಆಕಿ ಒಳಗ ಹೋಗೂದು ಏನ್ ನೋಡಾಕ?"

ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ವಿಜ್ಞಾನ ತಿಳಿಯದವರ ಜೊತೆ ವಾದ ಮಾಡಬಾರದು ಎಂದು ನೋಟ್‌ಬುಕ್ ಮುಚ್ಚಿಟ್ಟೆ.

ಚಳಿಗಾಲದಲ್ಲಿ ಅವಳಿಗೆ ನಾಲ್ಕು ದಿನ ರಜೆ ಸಿಕ್ಕಿತು. ಈ ಸಲ ನಾನೂ ಹೊರಟೆ. ಅಲ್ಲಿ ಡೈವಿಂಗ್ ಸಾಮಾನು ಮಾರುವ ಅಂಗಡಿಯವರ ಜೊತೆ ಮುಖಾಮುಖಿ ಮಾತಾಡಿ ತೀರ್ಮಾನ ಮಾಡೋಣ ಎಂದು ಅವಳಿಗೆ ಹೇಳಿದ್ದೆ. "ಬರ್ರಿ, ಆದರ ದೋಣ್ಯಾಗ ವಾಂತಿ ಆದರ ನನಗ ಬೈಬ್ಯಾಡ್ರಿ," ಅಂದಳು.

ದಂಡೆಯಿಂದ ದ್ವೀಪಕ್ಕೆ ಒಂದೂವರೆ ತಾಸು. ಮೊದಲ ಅರ್ಧ ತಾಸಿನಲ್ಲೇ ವಾಂತಿಯಾಯಿತು. ತಲೆ ಎತ್ತಿ ನೋಡಿದರೆ ಎದುರಿಗೆ ಕುಳಿತ ಮನುಷ್ಯನ ಕೈಯಲ್ಲಿ ನನ್ನ ಎಂಬತ್ತೆಂಟು ಸಾವಿರದ ಯಂತ್ರ! ಆತ ಹುಬ್ಬಳ್ಳಿಯ ಟೈಲ್ಸ್ ವ್ಯಾಪಾರಿ, ಹಿಂದಿನ ದಿನವೇ ಬಂದು ಎರಡು ಸಲ ಇಳಿದಿದ್ದ. ನನಗೆ ವಾಂತಿ ಮರೆತುಹೋಯಿತು. ಆ ಯಂತ್ರದ ಮೆನು, ಬ್ಯಾಟರಿ, ಬೆಳಕು ಎಲ್ಲ ಗಡಗಡ ಹೇಳಿದೆ. ಆತನಿಗೆ ಗೊತ್ತಿಲ್ಲದ ಎರಡು ಗುಂಡಿಗಳನ್ನೂ ತೋರಿಸಿದೆ.

"ಭಾಳ ತಿಳಕೊಂಡೀರಿ. ನೀವು ಎಷ್ಟ ಸಲ ಇಳದೀರಿ?" ಅಂದ.

"ನಾನಾ? ನನಗ ಈಸಾಕ ಬರೂದಿಲ್ಲರಿ."

ಆತ ಕೈ ಹಿಂದಕ್ಕೆ ತೆಗೆದುಕೊಂಡ.

ದ್ವೀಪದ ಹತ್ತಿರ ಲಂಗರು ಹಾಕಿದ ಮೇಲೆ ತರಬೇತುದಾರ ಎಲ್ಲರ ಉಪಕರಣ ನೋಡುತ್ತ ಬಂದ. ಕರಾವಳಿಯ ಹುಡುಗ, ಮೂವತ್ತರ ಒಳಗಿನವನು. ವ್ಯಾಪಾರಿಯ ಮಣಿಕಟ್ಟು ಹಿಡಿದು ಪರದೆ ನೋಡಿ, "ಸರ್, ಇದು ಲಾಕ್ ಆಗಿದೆ. ಇವತ್ತು ನೀವು ಇಳಿಯುವ ಹಾಗಿಲ್ಲ," ಅಂದ.

"ಏನಂದ್ರಿ?"

"ನಿನ್ನೆ ಕೊನೆಗೆ ಮೇಲೆ ಬರುವಾಗ ಇದು ನಿಲ್ಲಲಿಕ್ಕೆ ಹೇಳಿದಲ್ಲಿ ನೀವು ನಿಲ್ಲಲಿಲ್ಲ. ಆಗಲೇ ಕೂಗಿರಬೇಕಲ್ಲ?"

"ಕುಂಯ್ ಕುಂಯ್ ಅಂತಿತ್ತು. ಹೊಸಾದು, ಏನರ ಅಪ್‌ಡೇಟ್ ಆಗಾಕತ್ತಿರಬೇಕು ಅನ್ಕೊಂಡೆ."

ಹಿಂದಿನ ದಿನ ಆತ ಮೇಲೆ ಬರುವಾಗ ಪರದೆಯ ಫೋಟೋ ತೆಗೆಯುವುದರಲ್ಲಿ ಮಗ್ನನಾಗಿದ್ದನಂತೆ. ಫೋಟೋ ಚೆನ್ನಾಗಿ ಬಂದಿತ್ತು, ನಮಗೂ ತೋರಿಸಿದ. ಕೆಂಪು ಅಕ್ಷರದಲ್ಲಿ 'ನಿಲ್ಲಿ' ಎಂಬ ಇಂಗ್ಲಿಷ್ ಸೂಚನೆ ಸ್ಪಷ್ಟವಾಗಿತ್ತು.

"ಎಂಬತ್ತೆಂಟು ಸಾವಿರ ಕೊಟ್ಟೇನ್ರೀ!" ಅಂದ ಆತ. ದೋಣಿಯೇ ಅಲ್ಲಾಡಿತು. "ನಾ ಇದನ್ನ ತಂದಿದ್ದು ನೀರಾಗ ಹೋಗಾಕ. ಇದು ನನಗ ಹೋಗಬ್ಯಾಡ ಅಂತೈತೇನು?"

"ಅದಕ್ಕೇ ಇರುವುದು ಸರ್ ಅದು."

"ಹಂಗಾರ ಇದನ್ನ ಬಿಚ್ಚಿ ಇಡತೇನಿ. ನಿಮ್ಮ ಬಾಡಿಗಿದು ಒಂದ ಕೊಡ್ರಿ."

"ಯಂತ್ರ ಬಿಚ್ಚಬಹುದು ಸರ್. ನಿಮ್ಮ ರಕ್ತದಲ್ಲಿ ಉಳಿದ ಗಾಳಿಯನ್ನು ಬಿಚ್ಚಲಿಕ್ಕೆ ಆಗುವುದಿಲ್ಲ."

ವ್ಯಾಪಾರಿ ಕಂಪನಿಯವರಿಗೆ ಫೋನ್ ಮಾಡುತ್ತೇನೆ ಎಂದ. ಸಮುದ್ರದ ನಡುವೆ ನೆಟ್‌ವರ್ಕ್ ಇರಲಿಲ್ಲ. ಕಾಲಿಗೆ ರಬ್ಬರಿನ ರೆಕ್ಕೆ ತೊಡುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ನನಗಷ್ಟೇ ಕೇಳುವಂತೆ ಹೇಳಿದಳು: "ನೋಡ್ರಿ, ಇಪ್ಪತ್ತೆರಡು ಸಾವಿರದ್ದೂ ಇದ ಮಾತು ಹೇಳತಿತ್ತು."

ಆಮೇಲೆ ದೋಣಿಯ ಅಂಚಿನ ಮೇಲೆ ಕುಳಿತು, ಮುಖವಾಡಕ್ಕೆ ಕೈ ಒತ್ತಿ, ಬೆನ್ನು ಹಿಂದೆ ಮಾಡಿ ದುಡುಂ ಎಂದು ನೀರಿಗೆ ಬಿದ್ದಳು. ಹಿಂದೆಯೇ ತರಬೇತುದಾರನೂ ಉಳಿದವರೂ ಇಳಿದರು. ಸ್ವಲ್ಪ ಹೊತ್ತು ಗುಳ್ಳೆಗಳು ಬಂದವು. ದೋಣಿ ತಿರುಗಿತೋ, ಅವರೇ ದೂರ ಹೋದರೋ, ಗುಳ್ಳೆಗಳೂ ಕಾಣದಾದವು.

ದೋಣಿಯಲ್ಲಿ ಉಳಿದವರು ದೋಣಿ ನಡೆಸುವವನು, ಇಳಿಯಲಾಗದ ವ್ಯಾಪಾರಿ, ಈಜು ಬಾರದ ನಾನು. ವ್ಯಾಪಾರಿ ಲಾಕ್ ತೆರೆಯಲು ಪರದೆಯ ಮೇಲೆ ಇನ್ನೆಷ್ಟು ತಾಸು ಉಳಿದಿದೆ ಎಂದು ನೋಡುತ್ತ ಕುಳಿತ. ನಾನು ನೀರು ನೋಡುತ್ತ ಕುಳಿತೆ. ಹತ್ತು ನಿಮಿಷಕ್ಕೆ ಎದ್ದು ಇನ್ನೊಂದು ಬದಿಗೆ ಹೋಗಿ ಅಲ್ಲಿಯ ನೀರನ್ನೂ ಬಗ್ಗಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ, ಸೋಡಾ ಬಾಟಲಿಯ ಉದಾಹರಣೆಯನ್ನು ಎಷ್ಟು ಕ್ಲಾಸುಗಳಲ್ಲಿ ನಗುನಗುತ್ತ ಹೇಳಿದ್ದೆನೆಂದು ನೆನಪಾಯಿತು. ಅಷ್ಟು ಓದಿದ್ದರಲ್ಲಿ ಒಂದಕ್ಷರವೂ ಆಗ ಉಪಯೋಗಕ್ಕೆ ಬರಲಿಲ್ಲ. ದೋಣಿಯವನನ್ನು, "ಬರತಾರಲ್ಲ?" ಎಂದು ಮೂರು ಸಲ ಕೇಳಿದೆ. ಅವನು ಮೂರನೆಯ ಸಲ ನನಗೊಂದು ಬಿಸ್ಕಿಟ್ ಕೊಟ್ಟ.

ನಲವತ್ತನೆಯ ನಿಮಿಷದ ಹೊತ್ತಿಗೆ ಮೇಲೆ ಬರುತ್ತಿದ್ದೇವೆಂದು ದೋಣಿಗೆ ತೋರಿಸುವ ಕಿತ್ತಳೆ ಬಣ್ಣದ ಉದ್ದನೆಯ ಬಲೂನೊಂದು ನೀರಿನ ಮೇಲೆ ಎದ್ದಿತು, ಅದರ ಹಿಂದೆ ನನ್ನ ಹೆಂಡತಿಯ ತಲೆ. ಏಣಿ ಹತ್ತಿ ಬಂದವಳು ಏನನ್ನೋ ಹೇಳಬೇಕೆಂದು ಬಾಯಿ ತೆರೆದಳು. ನಾನು ಅವಕಾಶ ಕೊಡಲಿಲ್ಲ. "ತುಟ್ಟಿದ್ದ ತಗೊಳ್ಳೋಣು," ಅಂದೆ. "ಎಂಬತ್ತೆಂಟು ಸಾವಿರ ಆದರ ಆಗಲಿ."

ಅವಳು ಕೂದಲು ಹಿಂಡುತ್ತ ನನ್ನ ಮುಖ ನೋಡಿದಳು. ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರನ್ನು ಹೇಗೆ ನೋಡುತ್ತಾಳೆಂದು ಅವತ್ತು ಗೊತ್ತಾಯಿತು.

"ಹೆದರೀರೇನು?"

"ನಾ ಯಾಕ ಹೆದರಲಿ?"

"ನಮ್ಮ ವಾರ್ಡಿನ್ಯಾಗೂ ಹಿಂಗ. ಪೇಶಂಟ್ ಆರಾಮ ಮಲಗಿರತಾನ. ಹೊರಗ ನಿಂತವರು ಹೆದರಿ, ಎಲ್ಲಾಕಿಂತ ತುಟ್ಟಿ ಇಂಜೆಕ್ಷನ್ ಯಾವುದ್ರಿ, ಅದನ್ನ ಹಾಕ್ರಿ ಅಂತಾರ." ಪಕ್ಕದಲ್ಲಿ ಕುಳಿತು ಒದ್ದೆ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟಳು. "ಅದು ನಿಲ್ಲು ಅಂದಲ್ಲೆ ನಾ ನಿಲ್ಲತೇನ್ರಿ. ಅಷ್ಟ ಸಾಕು."

ಅವತ್ತು ಸಂಜೆ ನಾನು ಲಾಡ್ಜಿನಲ್ಲಿ ಮಲಗಿದ್ದೆ. ಮಂಚವೂ ದೋಣಿಯ ಹಾಗೆ ತೂಗುತ್ತಿತ್ತು. ಅವಳು ಒಬ್ಬಳೇ ಹೋಗಿ, ತನ್ನ ದುಡ್ಡಿನಲ್ಲಿ ಸಾದಾ ಯಂತ್ರ ಕೊಂಡು ತಂದಳು. ಕಪ್ಪು-ಬಿಳಿ ಪರದೆ, ಎರಡೇ ಗುಂಡಿ. ನನ್ನ ಪಟ್ಟಿಯಲ್ಲಿ ಆ ಮಾದರಿ ಇರಲೇ ಇಲ್ಲ. ಮೂರು ತಿಂಗಳಲ್ಲಿ ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ಸ್ವಲ್ಪ ಅವಮಾನವಾಯಿತು. ಬೆಲೆ ಎಷ್ಟಾಯಿತೆಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನ ಅದನ್ನೇ ಕಟ್ಟಿಕೊಂಡು ಇಳಿದಳು. ನಾನು ದಂಡೆಯ ಮೇಲೆಯೇ ಉಳಿದೆ. ಅವತ್ತೂ ದಂಡೆಯಲ್ಲಿದ್ದವರನ್ನು, "ಬರತಾರಲ್ಲ?" ಎಂದು ಕೇಳಿದೆ.

ವಾಪಸು ಬರುವಾಗ ಕಲಘಟಗಿಯಲ್ಲಿ ಚಹಾಕ್ಕೆ ನಿಂತೆವು. ಆ ಯಂತ್ರವನ್ನು ಕೈಗೆ ತೆಗೆದುಕೊಂಡು ಗುಂಡಿ ಒತ್ತಿದೆ. ಹದಿನಾಲ್ಕು ಮೀಟರ್, ನಲವತ್ತೊಂದು ನಿಮಿಷ, ಇಪ್ಪತ್ತೇಳು ಡಿಗ್ರಿ. ಅಷ್ಟೇ. ಮತ್ತೇನೂ ಇರಲಿಲ್ಲ.

"ನಲವತ್ತೊಂದು ನಿಮಿಷ ಏನ್ ನೋಡಿದಿ?" ಅಂದೆ.

ಅವಳು ಕಪ್ಪು ಕೆಳಗಿಟ್ಟಳು. "ಒಂದು ಆಮಿ ಮಲಗಿತ್ತರಿ. ಕಲ್ಲುಬಂಡಿ ಕೆಳಗ, ಹಿಂಗ ಕುತ್ತಿಗಿ ಚಾಚಿ. ಸಣ್ಣ ಸಣ್ಣ ಮೀನ ಬಂದು ಬೆನ್ನ ಮ್ಯಾಲಿನ ಪಾಚಿ ತಿನ್ನಾಕತ್ತಿದ್ದವು. ಅದಕ್ಕ ಖಬರ ಇಲ್ಲ. ನಾವು ಅಲ್ಲೇ ನಿಂತಬಿಟ್ವಿ."

"ಎಚ್ಚರಾತೇನು?"

"ಇಲ್ಲ. ಸಪ್ಪಳ ಮಾಡದ ಹಿಂದ ಬಂದ್ವಿ."

ಆಮೇಲೆ ಗಿಳಿಮೀನಿನ ಕಥೆ ಸುರು ಮಾಡಿದಳು, ಅದು ಕಲ್ಲು ಕಡಿಯುವ ಸದ್ದು ನೀರಿನಲ್ಲಿ ಹೇಗೆ ಕೇಳುತ್ತದೆಂದು ಹಲ್ಲು ಕಡಿದು ತೋರಿಸಿದಳು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನನ್ನ ಚಹಾ ಆರಿಹೋಗಿತ್ತು. ಇನ್ನೆರಡು ಕಪ್ ಹೇಳಿದೆ.