ಅವ್ವನ ಎಡೆ, ಅವ್ವನ ಬೆಕ್ಕು

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಹೋದ ವರ್ಷದ ಮಹಾಲಯ ಅಮಾವಾಸ್ಯೆ. ತೀರಿಹೋದ ಅವ್ವನಿಗೆ ನಾವು ಎಡೆ ಇಟ್ಟದ್ದು ಅದೇ ಮೊದಲ ಸಲ. ಗೆಂಡೆಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಹಿರಿಯರ ಎಡೆಯೆಂದರೆ ಬಾಡೂಟವೇ. ಬಾಳೆಲೆಯ ಮೇಲೆ ಮುದ್ದೆ, ಕಜ್ಜಾಯ, ಕೋಳಿಸಾರು ಬಡಿಸಿ, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತೇವೆ.

ಬಾಗಿಲು ತೆಗೆದರೆ ಎಲೆಯ ಮುಂದೆ ಅವ್ವನ ಬೆಕ್ಕು, ಬಾಯಲ್ಲಿ ಕೋಳಿಯ ಕಾಲು. ಕಿಟಕಿಯಿಂದ ನುಗ್ಗಿತ್ತು. ಅವ್ವ ಬಿಟ್ಟುಹೋದದ್ದರಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಮೂಳೆ ಕಿತ್ತುಕೊಳ್ಳಲು ಹೋದೆ. ಅಪ್ಪನ ಅಕ್ಕ, ನಮ್ಮತ್ತೆ, ನನ್ನ ಕೈ ಹಿಡಿದು ಎಳೆದಳು.

"ಬಿಡೇ! ನಿಮ್ಮವ್ವನೇ ಬಂದವ್ಳೆ ಕಣೇ!"

ನೆಂಟರೆಲ್ಲ ಕೈ ಮುಗಿದರು. ಬೆಕ್ಕಿಗೆ! ಅಷ್ಟಕ್ಕೇ ಬಿಟ್ಟರೇ? ನಮ್ಮ ಊಟ ಮುಗಿದ ಮೇಲೆ ಅತ್ತೆ ಪಾತ್ರೆಯ ತಳದಲ್ಲಿ ಉಳಿದಿದ್ದ ಮೂಳೆ, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆಯನ್ನೆಲ್ಲ ಬಳಿದು ಅದರ ಮುಂದೆ ಸುರಿದು, "ಉಣ್ಣವ್ವ, ಹೊಟ್ಟೆ ತುಂಬ ಉಣ್ಣು" ಎಂದಳು. ಬೇಡ ಬೇಡ ಎಂದು ನಾನು ಬಾಯಿ ಬಡಿದುಕೊಂಡರೆ, "ಹೆತ್ತವ್ವನ ಬಾಯಿಂದ ಕಿತ್ಕೊತೀಯಾ?" ಎಂದು ನನಗೇ ಬೈಗುಳ.

ಸ್ವಲ್ಪ ಹೊತ್ತಿಗೆ ಬೆಕ್ಕು ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತ ಒದ್ದಾಡತೊಡಗಿತು. ಕೈ ಮುಗಿದವರಲ್ಲಿ ಒಬ್ಬರೂ ಏಳಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅದನ್ನು ತರಕಾರಿ ಬುಟ್ಟಿಗೆ ಹಾಕಿ, ಮೇಲೆ ಟವಲು ಕಟ್ಟಿ, ಸ್ಕೂಟರಿನಲ್ಲಿ ಬೇಲೂರಿಗೆ ಹೋದೆ. ರಜಾ ದಿನ, ಪುಣ್ಯಕ್ಕೆ ದನದ ಡಾಕ್ಟರು ಮನೆಯಲ್ಲೇ ಸಿಕ್ಕರು. ಗಂಟಲಿಗೆ ಅಡ್ಡ ಸಿಕ್ಕಿದ್ದ ಮೂಳೆಯ ಚೂರನ್ನು ಚಿಮಟದಿಂದ ತೆಗೆದರು. ಆಮೇಲೆ ಬೈದರು, ಅದೂ ನನಗೆ!

"ಬೆಂದ ಮೂಳೆ ಸೀಳ್ಕೊಂಡು ಚುಚ್ಚುತ್ತೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಾನೇ ಕೆಡಿಸುತ್ತೆ. ಇನ್ನು ಕೆಲವು ದಿನ ನೋಡ್ತಿರಿ. ಸುಸ್ತಾಗಿ ವಸಡು ಬಿಳಿಚಿಕೊಂಡ್ರೆ ತಕ್ಷಣ ಕರ್ಕೊಂಡು ಬನ್ನಿ." ಸದ್ಯ, ಹಾಗೇನೂ ಆಗಲಿಲ್ಲ.

ಆದರೆ ಅವತ್ತು ಬುಟ್ಟಿ ಹೊತ್ತು ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕಾದಿದ್ದಳು. "ನಿಮ್ಮವ್ವಂಗೆ ಏನೋ ಆಸೆ ಉಳ್ದೈತೆ ಕಣೇ. ಅದ್ಕೇ ಗಂಟ್ಲಿಗೆ ಸಿಕ್ಕೈತೆ."

ಮೈಯೆಲ್ಲ ಉರಿದುಹೋಯಿತು.

"ಅತ್ತೆ, ಅವ್ವ ಒಗ್ಗರಣೆಗೆ ಮುಂಚೆನೇ ಎರಡು ತುಂಡು ಬರೀ ನೀರಲ್ಲಿ ಬೇಯ್ಸಿ, ಆರಿಸಿ, ಮೂಳೆ ಬಿಡ್ಸಿ ಇದಕ್ಕೆ ಇಡ್ತಿದ್ಲು. ಅವಳು ಬಂದಿದ್ರೆ ಮೊದ್ಲು ಆ ಎಲೆಯಿಂದ ಮೂಳೆ ತೆಗೀತಿದ್ಲು. ತಿಂದಿದ್ದು ಬರೀ ಬೆಕ್ಕು. ಅವ್ವ ಬರ್ಲೇ ಇಲ್ಲ."